ಎರಡು ತಟ್ಟೆ ಇಟ್ಟ ಮನೆ

ಇಂಥ ಮಾತುಗಳನ್ನು ನಾನು ನಂಬಿದವನಲ್ಲ. ನಮ್ಮ ಹೊಂಗನೂರಿನಲ್ಲಿ ಯಾರಾದರೂ ಹುಣಸೆಮರದ ಹತ್ತಿರ ಏನೋ ಕಂಡಿತು ಅಂದರೆ, ಅವತ್ತು ಎಷ್ಟು ಕುಡಿದಿದ್ದೆ ಅಂತ ಮೊದಲು ಕೇಳುತ್ತಿದ್ದವನು ನಾನೇ. ಈಗಲೂ ನನ್ನ ಕಣ್ಣಿಗೆ ಏನೂ ಕಂಡಿಲ್ಲ. ನನ್ನ ಸಂಕಟವೂ ಅದೇ.

ಬಿಡದಿಯಿಂದ ಈಚೆಗೆ ಮೈಸೂರು ರಸ್ತೆಯುದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಇವತ್ತು ರಾಗಿ ಹೊಲ ಇದ್ದ ಕಡೆ ಮುಂದಿನ ತಿಂಗಳು ಕಾಂಪೌಂಡು ನಿಂತಿರುತ್ತಿತ್ತು. ಅಂಥದ್ದೊಂದು ಕಾರ್ಖಾನೆಯಲ್ಲಿ ನಾನೂ ಜಾವೀದನೂ ಫಿಟ್ಟರ್‌ಗಳು. ಸಕ್ಕರೆ ಮಿಲ್ಲುಗಳಿಗೆ ಬೇಕಾದ ದೊಡ್ಡ ಪಂಪುಗಳನ್ನು ಜೋಡಿಸುವುದು ನಮ್ಮ ಕೆಲಸ. ನಮ್ಮ ಮನೆಯಲ್ಲಿ ರೇಷ್ಮೆಹುಳ ಸಾಕಿ ಗೂಡು ಬೆಳೆಯುತ್ತಿದ್ದರು, ಜಾವೀದನ ಮನೆಯವರು ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಅಪ್ಪಂದಿರ ಕಸುಬು ಬಿಟ್ಟು ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದ್ದರಿಂದ ಜೊತೆಯಾದೆವು. ಅವನಿಗೆ ದೇಶ ಸುತ್ತುವ ಹುಚ್ಚು. ಮಂಗಳೂರಿನ ಸಮುದ್ರವನ್ನೂ ನೋಡಿರದವನು ಲಾಕರಿನ ಬಾಗಿಲಿಗೆ ಪ್ರಪಂಚದ ನಕ್ಷೆ ಅಂಟಿಸಿಕೊಂಡಿದ್ದ.

ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ನಮ್ಮ ಪಂಪುಗಳು ಹೋದವು. ಕೂರಿಸಿಕೊಡಲು ಒಬ್ಬ ಫಿಟ್ಟರ್ ಬೇಕು ಅಂದಾಗ ಜಾವೀದನ ಹೆಸರೇ ಬಂತು. ಕೆಲಸದಲ್ಲಿ ಅವನು ನನಗಿಂತ ಮೇಲು. ಹೆಗಲಿಗೆ ಹಾಕುವ ದೊಡ್ಡ ಬ್ಯಾಗು ಕೊಂಡು ತಂದ, ಕೆಲಸ ಮುಗಿದ ಮೇಲೆ ಹತ್ತು ದಿನ ಸುತ್ತಿ ಬರುತ್ತೇನೆ ಅಂತ ಮ್ಯಾನೇಜರ ಹತ್ತಿರ ಒಪ್ಪಿಗೆಯನ್ನೂ ಪಡೆದ. ಅಷ್ಟರಲ್ಲಿ ಅವನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ತಪ್ಪಾಗಿರುವುದು ಗೊತ್ತಾಯಿತು. ತಿದ್ದಿ ಬರಲು ಒಂದು ತಿಂಗಳು ಬೇಕಿತ್ತು.

ಮ್ಯಾನೇಜರು ನನ್ನನ್ನು ಒಳಗೆ ಕರೆದು ಕೇಳಿದರು. "ಒಂದು ತಿಂಗಳು ಕಾಯೋಣ ಅಂದರೆ ಕಾಯಬಹುದು. ಇಲ್ಲ, ನೀನೇ ಹೊರಡ್ತೀಯಾ?"

ನಾನು ಹೊರಡ್ತೀನಿ ಸಾರ್ ಅಂದೆ. ಹೊರಗೆ ಬಂದು ಜಾವೀದನಿಗೆ, ಕಂಪನಿಯವರು ಕಾಯೋದಿಲ್ಲವಂತೆ ಅಂತ ಹೇಳಿದೆ.

ಅವನು ಲಾಕರಿನ ಬಾಗಿಲು ಮುಚ್ಚಿ, "ಹೋಗ್ ಬಾರ್ಲಾ ಗೌಡ. ಬ್ಯಾಗ್ ತಕ್ಕೊಂಡ್ ಹೋಗು. ನಾನ್ ಹೋಗ್ದಿದ್ರೂ ಅದಾದ್ರೂ ಹೋಗ್ಲಿ. ಸಮುದ್ರ ಹೆಂಗೈತೆ ಅಂತ ಬಂದ್ ಯೇಳು" ಅಂದ.

ಕೆಲಸ ಆರು ವಾರ ಹಿಡಿಯಿತು. ಆಮೇಲೆ ಆ ಬ್ಯಾಗು ಹೆಗಲಿಗೇರಿಸಿ ಅವನು ಸುತ್ತಬೇಕಾಗಿದ್ದ ಊರುಗಳನ್ನು ನಾನು ಸುತ್ತಿದೆ. ತ್ರುಹಿಯೊ ಅನ್ನುವ ನಗರದಲ್ಲಿ ಎರಡು ದಿನ ಇದ್ದೆ. ಹಳದಿ, ನೀಲಿ ಬಳಿದ ಹಳೆಯ ಮನೆಗಳು, ಕಿಟಕಿಗಳಿಗೆಲ್ಲ ಬಿಳಿ ಕಬ್ಬಿಣದ ಸರಳು. ಚೌಕದ ಬೆಂಚಿನ ಮೇಲೆ ಕೂತು ನಾನು ನೋಡುತ್ತಿದ್ದೆನೇ ಹೊರತು ಯಾವುದೂ ಒಳಗೆ ಇಳಿಯುತ್ತಿರಲಿಲ್ಲ. ಪಕ್ಕದಲ್ಲಿ ಅವನಿದ್ದಿದ್ದರೆ ಏನು ಹೇಳುತ್ತಿದ್ದ ಅನ್ನುವುದೇ ತಲೆಯಲ್ಲಿ.

ಮೂರನೆಯ ದಿನ ಮಧ್ಯಾಹ್ನ ಒಂದರ ಸುಮಾರಿಗೆ, ಹತ್ತಿರದ ಕಡಲೂರು ವಾಂಚಾಕೊಗೆ ಹೋಗುವ ವ್ಯಾನು ಹತ್ತಿದೆ. ನಮ್ಮ ಚನ್ನಪಟ್ಟಣದ ಟೆಂಪೋಗಳ ಹಾಗೆಯೇ, ಜನ ಬಗ್ಗಿ ನಿಂತು ತುಂಬಿಕೊಂಡಿದ್ದರು. ನನ್ನ ಪಕ್ಕದ ಸೀಟು ಮಾತ್ರ ಖಾಲಿ. ಒಬ್ಬ ಮುದುಕ ಕೂರಲು ಬಂದಾಗ ಕಂಡಕ್ಟರ್ ಹೆಂಗಸು ತಡೆದು, ಅಲ್ಲಿ ಜನ ಇದ್ದಾರೆ ಅಂದಳು. ಆರು ವಾರದಲ್ಲಿ ಅಷ್ಟು ಮಾತು ಅರ್ಥವಾಗುತ್ತಿತ್ತು. ಖಾಲಿಯೇ ಇದೆ ಅಂತ ನಾನು ಕೈಸನ್ನೆ ಮಾಡಿದೆ. ಅವಳು ನನ್ನನ್ನೂ ಆ ಸೀಟನ್ನೂ ನೋಡಿ ಮುಖ ತಿರುಗಿಸಿಕೊಂಡಳು. ಮುದುಕ ಕೊನೆತನಕ ನಿಂತೇ ಬಂದ.

ವಾಂಚಾಕೊದಲ್ಲಿ ಮಂಜು ಕವಿದಿತ್ತು. ಮೀನುಗಾರರು ಜೊಂಡಿನಿಂದ ಕಟ್ಟಿದ ಕಿರಿದಾದ ದೋಣಿಗಳನ್ನು ದಡದ ಮೇಲೆ ನೆಟ್ಟಗೆ ನಿಲ್ಲಿಸಿ ಒಣಗಿಸುತ್ತಿದ್ದರು. ಕಡಲ ಎದುರಿಗೇ ಒಬ್ಬ ವಿಧವೆ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಅವಳ ಮಗಳು ಲೂಸಿಯಾಗೆ ಇಂಗ್ಲಿಷ್ ಬರುತ್ತಿದ್ದುದರಿಂದ ಅನುಕೂಲವಾಯಿತು. ಸಂಜೆ ಊಟಕ್ಕೆ ಇಳಿದಾಗ ಮೇಜಿನ ಮೇಲೆ ಎರಡು ತಟ್ಟೆ ಇತ್ತು, ಎರಡರಲ್ಲೂ ಮೀನಿನ ಸಾರು. ಮನೆಯವರಲ್ಲಿ ಯಾರೋ ಬರುತ್ತಾರೆ ಅಂದುಕೊಂಡೆ. ಯಾರೂ ಬರಲಿಲ್ಲ. ಸುಸ್ತಾಗಿತ್ತು, ಬೇಗ ಹೋಗಿ ಮಲಗಿದೆ.

ಬೆಳಿಗ್ಗೆ ಲೂಸಿಯಾ ಕಾಫಿ ತಂದುಕೊಟ್ಟು, "ನಿನ್ನ ಗೆಳೆಯನಿಗೆ ನಮ್ಮ ಅಡುಗೆ ಸೇರಲಿಲ್ಲವಾ?" ಅಂತ ಕೇಳಿದಳು.

ನಾನೊಬ್ಬನೇ ಬಂದಿರೋದು ಅಂದೆ. ಅವಳು ನಕ್ಕು ಅಮ್ಮನನ್ನು ಕರೆದಳು. ಆಕೆ ಸೀರಿಯಸ್ಸಾಗಿಯೇ ಹೇಳಿದಳು, ಮಗಳು ಇಂಗ್ಲಿಷಿಗೆ ತಿರುಗಿಸಿದಳು. ನಿನ್ನೆ ನೀವಿಬ್ಬರೂ ಜೊತೆಯಲ್ಲೇ ಒಳಗೆ ಬಂದಿರಿ. ಇನ್ನೊಬ್ಬ ಸಣಕಲು ಮನುಷ್ಯ, ಮಾತೇ ಆಡಲಿಲ್ಲ. ನೀನು ಮೇಲೆ ಹೋದ ಮೇಲೂ ಬಾಗಿಲಲ್ಲಿ ನಿಂತು ಕಡಲು ನೋಡುತ್ತಿದ್ದ. ಇಷ್ಟು ಹೇಳಿ ಆಕೆ ತನ್ನ ಬೆರಳ ತುದಿಗಳನ್ನು ನನ್ನ ಮುಖದ ಮುಂದೆ ಹಿಡಿದಳು. "ಅವನ ಕೈಗೆ ಏನಾಗಿತ್ತು ಅಂತ ಅಮ್ಮ ಕೇಳ್ತಿದ್ದಾಳೆ. ಬೆರಳೆಲ್ಲ ಬೆಳ್ಳಗೆ, ಬೆಂದ ಹಾಗೆ ಸುಕ್ಕುಗಟ್ಟಿತ್ತಂತೆ."

ನನ್ನ ಕೈಲಿದ್ದ ಲೋಟ ಕೆಳಗಿಟ್ಟೆ. ನೂಲು ತೆಗೆಯುವವರನ್ನು ಹತ್ತಿರದಿಂದ ಕಂಡವರಿಗೆ ಆ ಬೆರಳು ಗೊತ್ತು. ಜಾವೀದ ಹತ್ತು ವರ್ಷದವನಿದ್ದಾಗಿಂದ ಕುದಿನೀರಿನ ಬಾಣಲೆಗೆ ಕೈ ಅದ್ದಿ ಗೂಡಿನ ಎಳೆ ಹಿಡಿದವನು. ಕಾರ್ಖಾನೆಗೆ ಸೇರಿ ಇಷ್ಟು ವರ್ಷವಾದರೂ ಆ ಬಿಳುಪು ಹೋಗಿರಲಿಲ್ಲ. ಅವನ ವಿಷಯ ನಾನು ಆ ದೇಶದಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಬೀದಿಯ ಕೊನೆಯ ಫೋನ್ ಬೂತಿಗೆ ಓಡಿದೆ. ಅವನ ಮೊಬೈಲು ಸ್ವಿಚ್ ಆಫ್. ಮನೆಯ ನಂಬರಿಗೆ ಹಚ್ಚಿದೆ. ಫೋನು ಎತ್ತಿದ್ದು ಅವನ ಅಮ್ಮಿ.

"ಎಲ್ಲಿದ್ದೀಯಾ ಬೇಟಾ? ನಿಂಗೆ ಹೆಂಗ್ ತಿಳ್ಸೋದು ಅಂತ ಯಾರ್ಗೂ ಗೊತ್ತಾಗ್ಲಿಲ್ಲ. ನಮ್ ಜಾವೀದ್ ಹೋಗ್ಬುಟ್ಟ."

ಹಿಂದಿನ ರಾತ್ರಿ ಹನ್ನೊಂದಕ್ಕೆ, ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಹೆದ್ದಾರಿಯಲ್ಲಿ ಲಾರಿ ಬಡಿದಿತ್ತು. ಆವತ್ತು ಮಧ್ಯಾಹ್ನವೇ ಮಣ್ಣು ಕೊಟ್ಟು ಬಂದಿದ್ದರು. ಹೊತ್ತು ಕೂಡಿಸಿ ಕಳೆದು ನೋಡಿದೆ. ಊರಲ್ಲಿ ರಾತ್ರಿ ಹನ್ನೊಂದು ಅಂದರೆ ಪೆರುವಿನಲ್ಲಿ ಮಧ್ಯಾಹ್ನ ಹನ್ನೆರಡೂವರೆ. ನಾನು ವ್ಯಾನು ಹತ್ತುವ ಅರ್ಧ ಗಂಟೆ ಮೊದಲು.

ಆವತ್ತೆಲ್ಲ ದಡದಲ್ಲೇ ಕೂತಿದ್ದೆ. ದೋಣಿಗಳ ಸಂದಿಯಲ್ಲಿ, ಕಡಲೊಳಕ್ಕೆ ಚಾಚಿದ್ದ ಮರದ ಸೇತುವೆಯ ಮೇಲೆ, ಹೋಗಿ ಬರುವ ಪ್ರತಿಯೊಬ್ಬರ ಮುಖದಲ್ಲೂ ಹುಡುಕಿದೆ. ಒಮ್ಮೆ ಯಾರೂ ಇಲ್ಲದ ಕಡೆ ಗಟ್ಟಿಯಾಗಿ ಅವನ ಹೆಸರು ಹಿಡಿದು ಕೂಗಿದೆ. ಕಾಯೋದಿಲ್ಲ ಅಂತ ಕಂಪನಿಯವರು ಹೇಳಿರಲಿಲ್ಲ ಕಣ್ಲಾ, ನಾನೇ ಹೇಳಿದ್ದು ಅಂತ ಅಂದೆ. ಏನೂ ಆಗಲಿಲ್ಲ. ಅಲೆ ಬಂತು, ಹೋಯಿತು.

ಮಾರನೆಯ ದಿನ ಲೂಸಿಯಾ ವ್ಯಾನು ನಿಲ್ಲುವ ಜಾಗದವರೆಗೆ ಬಂದಳು. ಹೇಳಲೋ ಬೇಡವೋ ಅನ್ನುವ ಹಾಗಿತ್ತು ಅವಳ ಮುಖ. ಕೊನೆಗೆ ಹೇಳಿದಳು. ಅವನು ಬಾಗಿಲಲ್ಲಿ ಅಷ್ಟು ಹೊತ್ತು ನಿಂತಿದ್ದನ್ನು ನೋಡಿ, ನಿನ್ನನ್ನು ಕೆಳಗೆ ಕರೆಯಲಾ ಅಂತ ಅವಳಮ್ಮ ಸನ್ನೆ ಮಾಡಿ ಕೇಳಿದ್ದಳಂತೆ. ಅವನು ಬೇಡ ಅಂತ ತಲೆಯಾಡಿಸಿ, ನೀರಿನ ಕಡೆಗೆ ನಡೆದುಕೊಂಡು ಹೋದನಂತೆ.

"ಮುಖ ಹೇಗಿತ್ತಂತೆ? ಕೋಪದಲ್ಲಿದ್ದನಾ?" ಅಂತ ಕೇಳಿದೆ.

"ಅದನ್ನು ಅಮ್ಮ ಹೇಳಲಿಲ್ಲ" ಅಂದಳು. ವ್ಯಾನು ಬಂತು.

ಬೇರೆ ಯಾರೋ ಪ್ರವಾಸಿಯನ್ನು ಆ ಹೆಂಗಸು ನನ್ನ ಜೊತೆಯವನು ಅಂದುಕೊಂಡಿರಬಹುದು. ಹಾಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬೆರಳುಗಳ ಹತ್ತಿರ ಬಂದಾಗ ಆ ಸಮಾಧಾನ ನಿಲ್ಲುವುದಿಲ್ಲ. ಸತ್ತವನು ಅಷ್ಟು ದೂರ ಹೇಗೆ ಬಂದ ಅನ್ನುವುದು ಈಗ ನನ್ನನ್ನು ಅಷ್ಟಾಗಿ ಕಾಡುವುದೂ ಇಲ್ಲ. ದಣಿದು ಮಲಗಿದ್ದಾನೆ, ಮಲಗಿರಲಿ ಅಂತ ಬೇಡ ಅಂದನೋ, ಇವನ ಮುಖ ನೋಡುವುದೇ ಬೇಡ ಅಂದನೋ, ಅದೊಂದು ಗೊತ್ತಾಗಿದ್ದರೆ ಸಾಕಿತ್ತು.