ಚೀಲದ ಪಕ್ಕದ ಜೇಬಿನ ಸೀಸೆ

2023ರ ಕೊನೆಯ ತಿಂಗಳುಗಳಲ್ಲಿ ನಾನು ರಾಮನಗರದ ಬೆಟ್ಟಗಳ ಮಗ್ಗುಲಿನ ಹಳ್ಳಿಗಳಿಗೆ ಪಶುವೈದ್ಯೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕೀಟೋಪ್ರೊಫೆನ್ ಎಂಬ ನೋವಿನ ಇಂಜೆಕ್ಷನ್ನನ್ನು ಜಾನುವಾರುಗಳಿಗೆ ಬಳಸದಂತೆ ಕೇಂದ್ರ ಸರ್ಕಾರ ನಿಷೇಧಿಸಿದ್ದು ಆ ವರ್ಷವೇ. ಹಸುವಿಗೆ ಅದರಿಂದ ತೊಂದರೆಯಿಲ್ಲ. ಆದರೆ ಮದ್ದು ಮೈಯಲ್ಲಿರುವಾಗಲೇ ಹಸು ಸತ್ತು, ಆ ಮಾಂಸವನ್ನು ರಣಹದ್ದು ತಿಂದರೆ ಮೂತ್ರಪಿಂಡ ಕೆಟ್ಟು ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ನಮ್ಮ ಬೆಟ್ಟದಲ್ಲಿ ಉಳಿದಿದ್ದ ರಣಹದ್ದುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಸುತ್ತೋಲೆಯನ್ನು ಆಸ್ಪತ್ರೆಯ ಗೋಡೆಗೆ ಅಂಟಿಸಿದವಳು ನಾನೇ. ಸತ್ತ ದನವನ್ನು ಹೂಳಬೇಡಿ, ಬೆಟ್ಟದ ಬುಡದಲ್ಲಿ ಹದ್ದುಗಳಿಗೆ ಬಿಡಿ ಎಂದು ಊರೂರಲ್ಲಿ ಭಾಷಣ ಬಿಗಿದವಳೂ ನಾನೇ. ಬೀರುವಿನಲ್ಲಿದ್ದ ಆ ಮದ್ದಿನ ಸೀಸೆಗಳನ್ನೆಲ್ಲ ವಾಪಸ್ ಕಳಿಸಿ ಸಹಿ ಹಾಕಿದ್ದೆ. ನನ್ನ ಚೀಲವನ್ನು ಮಾತ್ರ ನೋಡಿರಲಿಲ್ಲ.

ಒಂದು ಸೋಮವಾರ ಸಂಜೆ ಕೆಂಪಣ್ಣ ಎಂಬ ರೈತರ ಮುದಿ ಹಸು ಏಳಲಾರದೆ ಒದ್ದಾಡುತ್ತಿತ್ತು. ಎಷ್ಟೋ ವರ್ಷಗಳ ಅಭ್ಯಾಸ, ಕೈ ತಾನಾಗಿ ಚೀಲದ ಪಕ್ಕದ ಜೇಬಿಗೆ ಹೋಯಿತು. ಸೂಜಿ ಚುಚ್ಚಿ ಬಂದೆ. ಬುಧವಾರ ಬೆಳಿಗ್ಗೆ ಚೀಲ ಒರೆಸುವಾಗ ಖಾಲಿ ಸೀಸೆ ಸಿಕ್ಕಿತು. ಹೆಸರು ಓದಿದೆ: ಕೀಟೋಪ್ರೊಫೆನ್. ಕೆಂಪಣ್ಣನವರಿಗೆ ಫೋನ್ ಮಾಡಿದೆ. ಹಸು ಹಿಂದಿನ ದಿನವೇ ಸತ್ತಿತ್ತು.

ಹೂಳಿದಿರಾ ಎಂದು ಕೇಳಿದೆ.

"ಇಲ್ಲ ಡಾಕ್ಟ್ರಮ್ಮ. ಗುಂಡಿ ತೋಡ್ಸಿದ್ದೆ, ಆಮ್ಯಾಕೆ ನಿಮ್ಮ ಮಾತು ಗ್ಯಾಪ್ನ ಬಂತು. ಟ್ರಾಕ್ಟ್ರುಗೆ ಕಟ್ಟಿ ಬೆಟ್ಟದ ಬುಡುಕ್ಕೆ ಹಾಕ್ಸ್‌ಬುಟ್ಟೆ."

ಸ್ಕೂಟರಿನಲ್ಲಿ ಓಡಿದೆ. ಹಸುವಿನ ಹೊಟ್ಟೆಯ ಮೇಲೆ ಎರಡು ರಣಹದ್ದುಗಳು ಕೂತಿದ್ದವು. ಅವನ್ನು ಉಳಿಸಿ ಎಂದು ಊರೂರು ಅಲೆದವಳು ಕಿರುಚುತ್ತಾ ಅವಕ್ಕೇ ಕಲ್ಲು ಬೀರಿದೆ. ಹಾರಿಹೋದವು. ಮದ್ದು ಹೆಚ್ಚಾಗಿ ಸೇರುವ ಈಲಿ, ಅಂದರೆ ಪಿತ್ತಜನಕಾಂಗ, ಆಗಲೇ ಖಾಲಿಯಾಗಿತ್ತು. ಕೆಂಪಣ್ಣ ಬಂದು ಸೇರಿಕೊಂಡರು. ಉಳಿದದ್ದನ್ನು ಎಳೆಸಿ ಅದೇ ಗುಂಡಿಯಲ್ಲಿ ಹೂತೆವು.

ಮುಂದಿನ ದಿನಗಳಲ್ಲಿ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಆ ವಿಷಕ್ಕೆ ಮದ್ದಿಲ್ಲ. ಅರಣ್ಯ ಇಲಾಖೆಯ ವಾಚರ್ ಹತ್ತಿರ ದುರ್ಬೀನು ಇಸಕೊಂಡು ಹದ್ದುಗಳು ತಂಗುವ ಬಂಡೆಯನ್ನೇ ನೋಡುತ್ತಾ ನಿಂತೆ. ಗುರುವಾರ ಎರಡೂ ಕೂತಿದ್ದವು. ಶುಕ್ರವಾರ ಒಂದರ ಕತ್ತು ಜೋತುಬಿದ್ದಿತ್ತು. ದೇವರಲ್ಲಿ ಹಿಂದೆಂದೂ ಅಷ್ಟು ಬೇಡಿಕೊಂಡದ್ದು ನನಗೆ ನೆನಪಿಲ್ಲ. ಶನಿವಾರ ವಾಚರ್ ಅದನ್ನು ಗೋಣಿಚೀಲದಲ್ಲಿ ಹೊತ್ತು ತಂದರು. ಇನ್ನೊಂದರ ಗತಿ ಏನಾಯಿತೋ ಗೊತ್ತಾಗಲಿಲ್ಲ.

ಸುದ್ದಿ ತಿಳಿದು ಬಂದಿದ್ದ ಕೆಂಪಣ್ಣ ಗೋಣಿಚೀಲವನ್ನೇ ನೋಡುತ್ತಾ ಕೇಳಿದರು, "ನಾನು ಎಳ್ದಾಕಿದ್ಕೇ ಸತ್ತೋಯ್ತಾ, ತಾಯಿ?"

"ನೀವು ನಾನು ಹೇಳಿದ ಹಾಗೇ ಮಾಡಿದಿರಿ. ಕೊಂದದ್ದು ನನ್ನ ಸೂಜಿ" ಎಂದೆ.

ಅವರು ಕೈಮುಗಿದು ಮನೆಗೆ ಹೊರಟರು. ಬೈದಿದ್ದರೆ ಚೆನ್ನಾಗಿತ್ತು. ಅವತ್ತೇ ನನ್ನ ಮೇಲೆ ನಾನೇ ವರದಿ ಬರೆದು ಕಳಿಸಿದೆ.

ಆದೇಶ ಗೋಡೆಗೆ ಬಂದರೆ ಸಾಲದು, ಅದು ಕೈಗೆ ಬರಬೇಕು. ಈಗ ಕಿರಿಯ ವೈದ್ಯರಿಗೆ ಪಾಠ ಹೇಳಲು ಕರೆದರೆ ಕಾಯಿದೆಯ ಮಾತೆತ್ತುವ ಮೊದಲು ಎಲ್ಲರ ಚೀಲಗಳನ್ನೂ ಮೇಜಿನ ಮೇಲೆ ಸುರಿಸುತ್ತೇನೆ. ಅಂಥದೊಂದು ಸೀಸೆ ಸಿಗದ ದಿನ ಇನ್ನೂ ಬಂದಿಲ್ಲ.