ನಂದಗಡಕ್ಕೆ ಹೋದ ಗಂಟೆ

ಗುರುವಾರ ಮಧ್ಯಾಹ್ನದ ಊಟ ಮುಗಿಸಿ ಬೆಳಗಾವಿಯಿಂದ ಖಾನಾಪುರದ ಬಸ್ಸು ಹತ್ತಿದೆ. ಕೈಯಲ್ಲಿ ಅರ್ಧ ಕಿಲೊ ಕುಂದಾ, ಚೀಲದಲ್ಲಿ ನಮ್ಮ ಕ್ಲಬ್ಬಿನ ಪುಟ್ಟ ರೇಷ್ಮೆ ಬಾವುಟ. ಒಂದು ಕ್ಲಬ್ಬಿನವರು ಇನ್ನೊಂದು ಕ್ಲಬ್ಬಿನ ಸಭೆಗೆ ಹೋದರೆ ಬಾವುಟ ಕೊಟ್ಟು ಬಾವುಟ ತರುವುದು ನಮ್ಮಲ್ಲಿ ರೂಢಿ. "ಈ ಸಲ ಬಾವುಟ ಕೊಟ್ಟು ಅವರ ಕ್ಲಬ್ಬನ್ನs ತರಬೇಕಾಕ್ಕೈತಿ ನೋಡ್ರಿ ಮೇಡಂ," ಎಂದು ನಮ್ಮ ಅಧ್ಯಕ್ಷರು ನಕ್ಕಿದ್ದರು. ಅದು ಬರೀ ನಗೆಯ ಮಾತಾಗಿರಲಿಲ್ಲ.

ನಮ್ಮದು ಸೇವಾ ಕ್ಲಬ್ಬು. ರಕ್ತದಾನ, ಕಣ್ಣಿನ ತಪಾಸಣೆ, ಸಾಲಿ ಮಕ್ಕಳಿಗೆ ಚೀಲ ಹಂಚುವುದು ಇಂಥ ಕೆಲಸಗಳು. ಇದಕ್ಕೆಲ್ಲ ಬುನಾದಿ ವಾರಕ್ಕೊಮ್ಮೆ ಕೂಡುವುದು. ಪ್ರತಿ ಮಂಗಳವಾರ ಸಂಜೆ ಏಳೂವರೆಗೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ರಾಷ್ಟ್ರಗೀತೆ ಆಗುತ್ತದೆ, ಒಬ್ಬೊಬ್ಬರೇ ಎದ್ದು ತಮ್ಮ ಹೆಸರು ಉದ್ಯೋಗ ಹೇಳುತ್ತೇವೆ, ಆಮೇಲೆ ಕೆಲಸದ ಮಾತು, ಊಟ. ಖಾನಾಪುರದ ಕ್ಲಬ್ಬನ್ನು ಹುಟ್ಟುಹಾಕಿದ್ದು ನಾವೇ; ಅವರ ಸಭೆ ಗುರುವಾರ, ಅದೇ ಹೊತ್ತಿಗೆ. ನಿಗದಿಯಾದ ಜಾಗದಲ್ಲಿ, ನಿಗದಿಯಾದ ಹೊತ್ತಿಗೆ ಪ್ರತಿ ವಾರ ಕೂಡಬೇಕೆಂಬುದು ನಿಯಮ. ಆದರೆ ನಮ್ಮ ಸದಸ್ಯರೊಬ್ಬರು ಎರಡು ಗುರುವಾರ ಅಲ್ಲಿಗೆ ಹೋದಾಗಲೂ ಸಭಾಗೃಹಕ್ಕೆ ಬೀಗ ಹಾಕಿತ್ತಂತೆ. ಕ್ಲಬ್ಬು ನಡೆಯುತ್ತಿಲ್ಲವೆಂದಾದರೆ ಅದನ್ನು ನಮ್ಮದರಲ್ಲಿ ಸೇರಿಸಿಬಿಡುವುದೆಂದು ಮಾತಾಯಿತು. ನೋಡಿಬರಲು ಕಾರ್ಯದರ್ಶಿಯಾದ ನನ್ನನ್ನು ಕಳಿಸಿದರು.

ಹಾಜರಿಯ ವಿಷಯದಲ್ಲಿ ನಾನು ಬಿಗಿ. ನಮ್ಮದು ಕುರಿ ಕಾಯುವವರ ಮನೆತನ. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಕುರಿ ಹಟ್ಟಿಯಿಂದ ನಡೆದುಕೊಂಡೇ ಸಾಲಿಗೆ ಹೋದವಳಿಗೆ ಕಾರಿನಲ್ಲಿ ಬರುವವರ ನೆಪಗಳು ರುಚಿಸುವುದಿಲ್ಲ. ಪರಿಚಯ ಹೇಳುವ ಸರದಿ ಬಂದಾಗ 'ಎಂ.ಕಾಂ., ಬಿ.ಎಡ್., ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕಿ' ಎಂದು ಪೂರ್ತಿ ಹೇಳುತ್ತೇನೆ. ಕೆಲವರು ಮುಸಿ ನಗುತ್ತಾರೆ. ನಗಲಿ.

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದೆ, ಶೂನ್ಯ ದರದ ಟಿಕೆಟ್ಟು ಬಂತು. ಪೀರನವಾಡಿಯವರೆಗೂ ಹೊಸ ಕಟ್ಟಡಗಳು, ಅಲ್ಲಿಂದ ಮುಂದೆ ಹೊಲ, ಕಬ್ಬಿನ ಲಾರಿಗಳು. ಬಾಜೂಕೆ ಕುಳಿತಿದ್ದ ಖಾನಾಪುರದ ಹೆಣ್ಣುಮಗಳ ತೊಡೆಯ ಮೇಲೆ ಹೊಸ ಕುಕ್ಕರಿತ್ತು. ನಾನು ಹೋಗುವ ಕಾರಣ ಕೇಳಿ ಆಕೆ ಹುಬ್ಬೇರಿಸಿದಳು.

"ಕ್ಲಬ್ಬಂದ್ರ ಇಸ್ಪೀಟ ಆಡೂದೇನ್ರಿ?"

"ಅಲ್ಲಬೇ, ಕಣ್ಣು ತಪಾಸ ಮಾಡ್ಸೂದು, ರಕ್ತ ಕೊಡೂದು..."

"ಹಾಂ, ಅವರೇನು! ನಮ್ಮ ಅತ್ತಿ ಕಣ್ಣಿನ ಆಪರೇಶನ್ ಅವರs ಮಾಡ್ಸಿದ್ದು. ಈಗ ನಾ ಸಾರಿಗೆ ಎಷ್ಟು ಎಣ್ಣಿ ಹಾಕ್ತೀನಿ ಅನ್ನೂದೂ ಕಾಣ್ತೈತಿ ಆಕೀಗೆ. ಅದೊಂದು ತ್ರಾಸ ಆಗೇತಿ ನೋಡ್ರಿ."

ಇಪ್ಪತ್ತಾರು ಕಿಲೊಮೀಟರಿನ ದಾರಿ ಮಾತಿನಲ್ಲೇ ಮುಗಿಯಿತು. ಸಭೆಗೆ ಇನ್ನೂ ಬಹಳ ಹೊತ್ತಿತ್ತು. ಹೇಳದೆ ಮೊದಲೇ ಹೋಗಿ ಊರಿನಲ್ಲಿ ವಿಚಾರಿಸುವುದು ನನ್ನ ಎಣಿಕೆ. ಸಭಾಗೃಹಕ್ಕೆ ಬೀಗವಿತ್ತು, ಬೀಗದ ಮೇಲೆ ಜೇಡರ ಬಲೆಯೂ ಇತ್ತು. ಎದುರಿನ ಚಹಾದಂಗಡಿಯವನನ್ನು ಕೇಳಿದೆ.

"ಅವರು ಈಗ ಇಲ್ಲಿ ಕೂಡೂದಿಲ್ರಿ. ದಸರಾಕ್ಕಿಂತ ಮೊದಲs ಬಿಟ್ರು. ಈಗರೆ ಗಂಟಿ ತಗೊಂಡು ನಂದಗಡಕ್ಕ ಹೋದ್ರು. ಗುರುವಾರ ಅಲ್ಲೇನ್ರಿ ಇವತ್ತ?"

ಜಾಗ ಬದಲಾಗಿದೆ, ಹೊತ್ತೂ ಬದಲಾಗಿದೆ, ತಿಳಿಸಿಲ್ಲ. ನನಗೆ ಸಿಟ್ಟೇ ಬಂತು. ಇಪ್ಪತ್ತು ರೂಪಾಯಿ ಕೊಟ್ಟು ನಂದಗಡದ ಮೂರು ಗಾಲಿಯ ಟಮ್‌ಟಮ್ ಹತ್ತಿದೆ. ಭತ್ತ ಕೊಯ್ದ ಗದ್ದೆಗಳ ಮೇಲೆ ಇಳಿಬಿಸಿಲು, ಗಾಳಿಯಲ್ಲಿ ಹುಲ್ಲಿನ ವಾಸನೆ. ಊರು ಬಂದಾಗ ರಾಯಣ್ಣನ ಸಮಾಧಿಯ ದಿಕ್ಕಿಗೆ ಕೂತಲ್ಲಿಂದಲೇ ಕೈ ಮುಗಿದೆ. ಮುಗಿಯದೆ ಮನೆಗೆ ಹೋದರೆ ಅವ್ವ ಬಿಡುವುದಿಲ್ಲ.

ಕ್ಲಬ್ಬಿನವರು ಎಲ್ಲಿ ಕೂಡುತ್ತಾರೆಂದು ದಾರಿಯಲ್ಲಿ ಕೇಳಿದ್ದಕ್ಕೆ 'ಪಾರಿಸಣ್ಣನ ಅಂಗಡಿ' ಎಂದು ತೋರಿಸಿದರು. ಮುಂದೆ ಕಾಳಿನ ಅಂಗಡಿ, ಹಿಂದೆ ಮನೆ. ಪಡಸಾಲೆಯಲ್ಲಿ ಒಂದು ಮಂಚ, ಅದರ ಸುತ್ತ ಕುರ್ಚಿಗಳು. ಜೋಳದ ಚೀಲದ ಮೇಲೆ ಕ್ಲಬ್ಬಿನ ಹಿತ್ತಾಳೆ ಗಂಟೆ. ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತ ಹಿರಿಯರ ಅಂಗಿಯ ಮೇಲೆ ಕ್ಲಬ್ಬಿನ ಪಿನ್ನು ಹೊಳೆಯುತ್ತಿತ್ತು. ಖಾನಾಪುರದ ಅಧ್ಯಕ್ಷರಾದ ವಿಠ್ಠಲರಾವ್ ನನ್ನನ್ನು ಕಂಡವರೇ ಎದ್ದು ನಿಂತರು. ಅವರು ಇಟ್ಟಂಗಿ ಭಟ್ಟಿಯ ಮಾಲೀಕರು, ದೊಡ್ಡ ಆಳು.

"ಬರ್ರಿ ಮೇಡಂ, ಬರ್ರಿ... ಸಿಕ್ಕಬಿದ್ವಿ."

ಅವರೇ ಎಲ್ಲ ಹೇಳಿದರು. ಮಂಚದ ಮೇಲಿದ್ದವರೇ ಪಾರಿಸಣ್ಣ, ಖಾನಾಪುರದ ಕ್ಲಬ್ಬು ಕಟ್ಟಿದವರಲ್ಲಿ ಮೊದಲಿಗರು. ಮಳೆಗಾಲದಲ್ಲಿ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಮಾತು ತಿರುಗಿ ಬರಬಹುದು, ಜನರ ನಡುವೆ ಕೂಡಿಸಿ ಮಾತಾಡಿಸಿ ಎಂದರಂತೆ ಡಾಕ್ಟರು. ಅದಕ್ಕೇ ಸಭೆ ಇಲ್ಲಿಗೆ ಬಂತು. ಇವರು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಆಗಬೇಕು. ಹಾಗಾಗಿ ಸಭೆಯ ಹೊತ್ತೂ ಮೊದಲಿಗಿಂತ ಬೇಗ ಆಯಿತು.

"ನಮಗ ತಿಳಸಬೇಕಿತ್ತಲ್ರಿ," ಎಂದೆ.

"ಅಂಜಿಕಿ ಬಂತ್ರಿ. ನಿಯಮದಾಗ ಇಲ್ಲ ಅಂದಬಿಟ್ರ? ಬೆಳಗಾವಿಗೆ ಸೇರ್ಸಿದ್ರ ನಾವೆಲ್ಲಾ ಬರ್ತೀವಿ, ಮಾತಿಲ್ಲ. ಇವರನ್ನ ಹ್ಯಾಂಗ ತರೂದ್ರಿ?"

ಪಾರಿಸಣ್ಣನವರ ಹೆಂಡತಿ ಪದ್ಮಕ್ಕ ನೀರು ತಂದುಕೊಟ್ಟು ಸಣ್ಣ ದನಿಯಲ್ಲಿ ಹೇಳಿದರು: "ಉಳದ ದಿನಾ ಬಾಯಿ ತೆಗಿಯೂದಿಲ್ರಿ ಅಕ್ಕೋರ. ಗುರುವಾರ ಬಂತಂದ್ರ ಮುಂಜಾನಿಂದ ಏನೋ ಗುಣುಗುಣು ಅಂತಿರ್ತಾರ. ಬರ್ರಿ, ಅವರ ಬಾಜೂಕ ಕುಂದರ್ರಿ. ಅವರು ನಿಮ್ಮನ್ನ ಹೇಳ್ತಾರ, ನೀವು ವಿಠ್ಠಲರಾಯರನ್ನ ಹೇಳ್ರಿ."

ಆಗ ಗೊತ್ತಾಯಿತು, ಈ ಕ್ಲಬ್ಬಿನಲ್ಲಿ ಯಾರೂ ತಮ್ಮ ಪರಿಚಯ ತಾವು ಹೇಳುವುದಿಲ್ಲ. ಪಕ್ಕದವರದನ್ನು ಹೇಳಬೇಕು. 'ತನ್ನ ಹೆಸರು ತಾನು ಹೇಳಾಕ ಎಲ್ಲಾರಿಗೂ ಬರತೈತಿ' ಎಂದು ಪಾರಿಸಣ್ಣನವರೇ ಹಾಕಿಕೊಟ್ಟ ಪದ್ಧತಿಯಂತೆ ಅದು. ಅದಕ್ಕಾಗಿ ಎಲ್ಲರೂ ಸ್ವಲ್ಪ ಮೊದಲೇ ಬಂದು ಪಕ್ಕದವರನ್ನು ಮಾತಾಡಿಸುತ್ತಾರೆ.

ನಾನು ಪಾರಿಸಣ್ಣನವರಿಗೆ ನನ್ನ ಓದು, ದರ್ಜೆ, ನೌಕರಿ, ಕಾರ್ಯದರ್ಶಿಯಾದದ್ದು ಎಲ್ಲ ಹೇಳಿದೆ. ಅವರು ಕಣ್ಣು ಕದಲಿಸದೆ ಕೇಳಿದರು. ಆಮೇಲೆ ತುಟಿ ಸೊಟ್ಟ ಮಾಡಿ ಒಂದೇ ಮಾತು ಕೇಳಿದರು: "ಮನ್ಯಾಗ?"

ಅವ್ವ ಇದ್ದಾಳೆ ಎಂದೆ. ಬಾಳವ್ವ ಅಂತ. ನಾನು ಓದುವಾಗ ಪಕ್ಕದಲ್ಲೇ ಕೂತು ಕುರಿ ಉಣ್ಣೆ ನೂಲುತ್ತಿದ್ದಳು. ಅವಳಿಗೆ ಒಂದಕ್ಷರ ಬರುವುದಿಲ್ಲ. ಆದರೆ ನಾನು ಓದುತ್ತಿದ್ದೇನೋ ತೂಕಡಿಸುತ್ತಿದ್ದೇನೋ ಎಂಬುದನ್ನು ದನಿಯಿಂದಲೇ ಹಿಡಿಯುತ್ತಿದ್ದಳು. ಇಷ್ಟು ಹೇಳುವಷ್ಟರಲ್ಲಿ ವಿಠ್ಠಲರಾವ್ ಗಂಟೆ ಬಾರಿಸಿದರು.

ರಾಷ್ಟ್ರಗೀತೆಗೆ ಇಬ್ಬರು ಪಾರಿಸಣ್ಣನವರ ರಟ್ಟೆ ಹಿಡಿದು ನಿಲ್ಲಿಸಿದರು. ಆಮೇಲೆ ಪರಿಚಯ ಶುರುವಾಗಿ ಅವರ ಸರದಿ ಬಂತು. ಬಾಯಿ ತೆರೆದರು, ಮಾತು ಹೊರಡಲಿಲ್ಲ. ಯಾರೂ ಕೆಮ್ಮಲಿಲ್ಲ, ಗಡಿಯಾರ ನೋಡಲಿಲ್ಲ. ಹೊರಗೆ ಒಂದು ಟ್ರ್ಯಾಕ್ಟರು ಬಂದು ಹೋಯಿತು. ಅವರ ಕೊರಳಿನ ನರ ಉಬ್ಬಿದ್ದು ಕಂಡು ನನಗೆ ತಡೆಯಲಾಗಲಿಲ್ಲ. ಕ್ಲಾಸಿನ ಚಟ. ಮೆಲ್ಲಗೆ, "ಎಂ.ಕಾಂ..." ಎಂದು ಹೇಳಿಕೊಟ್ಟೆ.

ಪಾರಿಸಣ್ಣ ತಲೆ ಅಲ್ಲಾಡಿಸಿದರು. ಅಲ್ಲ.

"ಹೇಳಿಕೊಡಬ್ಯಾಡ್ರಿ ಮೇಡಂ," ಎಂದರು ವಿಠ್ಠಲರಾವ್. "ಅವರ ಮಾತು ಅವರs ಹುಡುಕಲಿ. ನಮಗೇನ ಅವಸರ ಇಲ್ಲ."

ಮತ್ತೆ ಕಾದೆವು.

"ಇವರು..." ಎಂದರು ಪಾರಿಸಣ್ಣ. "ಬಾಳವ್ವನ... ಮಗಳು."

ಚಪ್ಪಾಳೆ ಬಿತ್ತು. ಅವರು ಎಡಗೈ ಎತ್ತಿ ತಡೆದರು, ಇನ್ನೂ ಇತ್ತು. "ಸಾಲಿ... ಕಲಸ್ತಾರ."

ಪದ್ಮಕ್ಕ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಲಕ್ವಾ ಹೊಡೆದ ಮೇಲೆ ಅವರು ಎರಡು ಮಾತು ಸೇರಿಸಿ ಹೇಳಿದ್ದು ಅವತ್ತೇ ಮೊದಲಂತೆ.

ಈಗ ನನ್ನ ಸರದಿ. ಎದ್ದು ನಿಂತೆ. "ಇವರು ವಿಠ್ಠಲರಾವ್, ಇಟ್ಟಂಗಿ ಭಟ್ಟಿ..." ಅಲ್ಲಿಗೆ ನಿಂತೆ. ಅಷ್ಟು ಹೊತ್ತೂ ನನ್ನದನ್ನೇ ಹೇಳಿಕೊಂಡಿದ್ದೆ. ಅವರನ್ನು ಒಂದು ಮಾತೂ ಕೇಳಿರಲಿಲ್ಲ.

"ಇಷ್ಟs ಏನ್ರಿ?" ಎಂದರು ವಿಠ್ಠಲರಾವ್. "ಇಷ್ಟು ನಮ್ಮ ಭಟ್ಟಿ ನಾಯಿಗೂ ಗೊತ್ತೈತಿ!"

ಪಡಸಾಲೆಗೆ ಪಡಸಾಲೆಯೇ ನಕ್ಕಿತು, ಪಾರಿಸಣ್ಣನವರ ಅರ್ಧ ತುಟಿಯೂ ನಕ್ಕಿತು. ನಾನು ಜೋಳದ ಚೀಲದ ಕಡೆ ನೋಡಿದೆ. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ, ಅದನ್ನೇ ಹೇಳಿದೆ. "ಇವರು ಪ್ರತಿ ಗುರುವಾರ ಖಾನಾಪುರದಿಂದ ನಂದಗಡಕ್ಕ ಗಂಟಿ ತರ್ತಾರ." ನಗು ನಿಂತಿತು. ವಿಠ್ಠಲರಾವ್ ತಲೆ ತಗ್ಗಿಸಿ ಕೂತರು.

ಮುಂದಿನ ಕಣ್ಣಿನ ಶಿಬಿರ ಯಾವ ಊರಿನಲ್ಲಿ ಎಂಬ ಚರ್ಚೆ ಕನ್ನಡ ಮರಾಠಿ ಎರಡರಲ್ಲೂ ಜೋರಾಗಿ ನಡೆಯಿತು. ಬಿಸಿಲು ಅಂಗಳದಲ್ಲಿದ್ದಾಗಲೇ ರೊಟ್ಟಿ, ಹೆಸರಕಾಳು ಪಲ್ಯ, ಶೇಂಗಾ ಚಟ್ನಿ ಬಡಿಸಿದರು. ಕುಂದಾ ಹಂಚಿದೆ. ನಮ್ಮ ಬಾವುಟವನ್ನು ಪಾರಿಸಣ್ಣನವರ ಎಡಗೈಗೆ ಕೊಟ್ಟೆ, ಅವರದನ್ನು ತೆಗೆದುಕೊಂಡೆ.

ವಿಠ್ಠಲರಾವ್ ಕಾರಿನಲ್ಲಿ ಖಾನಾಪುರದ ನಿಲ್ದಾಣಕ್ಕೆ ಬಿಟ್ಟರು. ಬಸ್ಸು ಬಂದಾಗ ಕೇಳಿದರು: "ಏನ್ ಹೇಳ್ತೀರಿ ಅಲ್ಲಿ?"

"ಬೀಗ ಹಾಕಿತ್ತು ಅಂತ ಹೇಳ್ತೀನ್ರಿ." ಅವರ ಮುಖ ಇಳಿಯಿತು. "ಯಾಕಂದ್ರ ಕ್ಲಬ್ಬು ನಂದಗಡದಾಗ ಇತ್ತು ಅಂತ."

ಬಸ್ಸು ಖಾನಾಪುರ ದಾಟುವಾಗಲೇ ನಮ್ಮ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಜಾಗ, ಹೊತ್ತು ಬದಲಾಗೇತಿ ಅಂತ ಬರದು ಕೊಡಾಕ ಹೇಳ್ರಿ, ಮುಗೀತು. ಸೇರಸೂ ಮಾತು ಇನ್ನ ಬ್ಯಾಡ. ನೀವು ಬಿಗಿ ಮನಶ್ಯಾರು ಅಂತ ಕಳಿಸಿದ್ದೆ ನೋಡ್ರಿ!" ಎಂದು ನಕ್ಕರು. ಆಮೇಲೆ ದನಿ ಇಳಿಸಿ, "ಪಾರಿಸಣ್ಣ ನನ್ನ ಗುರ್ತ ಹಿಡೀತಾರೇನ್ರಿ? ಮುಂದಿನ ವಾರ ನಾನೂ ಹೋಗಿಬರ್ತೀನಿ," ಎಂದರು.

ರಾಮತೀರ್ಥ ನಗರದ ಮನೆಗೆ ಬಂದಾಗ ಅವ್ವ ಟಿ.ವಿ. ಮುಂದೆ ಕುಳಿತಿದ್ದಳು.

"ರಾಯಣ್ಣಗ ಕೈ ಮುಗದೇನ?"

"ಮುಗದೆ. ಅವ್ವಾ, ನಂದಗಡದಾಗ ಸಭಾದಾಗ ನಿನ್ನ ಹೆಸರು ಹೇಳಿದ್ರು."

"ನಂದs? ಅಲ್ಲಿ ನಾ ಯಾರಿಗೂ ಗೊತ್ತಿಲ್ಲಲ್ಲ."

"ಈಗ ಗೊತ್ತು."

ಅವಳು ಟಿ.ವಿ.ಯ ದನಿ ಸಣ್ಣದು ಮಾಡಿ, ನನ್ನ ಕಡೆ ತಿರುಗಿ ಕುಳಿತಳು.

"ಹೇಳಿದವರ ಅವ್ವನ ಹೆಸರೇನಂತ?"

ನಾನು ಕೇಳಿರಲಿಲ್ಲ.

"ಮುಂದಿನ ಗುರುವಾರ ಕೇಳಿಕೊಂಡು ಬಾ," ಎಂದಳು ಅವ್ವ.