ನಾನೂರ ಹನ್ನೆರಡನ್ನು ಎಣಿಸುವ ನಿಬಿಯಾ

ಬೆಳಗಿನ ಐದೂ ಮುಕ್ಕಾಲು. ಮಾಂಟೆವಿಡಿಯೋದ ಕಡಲಗಾಳಿ ಕಿಟಕಿಯನ್ನು ಬಡಿಯುತ್ತಿದೆ. ನಿಬಿಯಾ ಎಚೆವೆರಿ ಮಾಟೆ ಸೊಪ್ಪಿನ ಬಟ್ಟಲಿಗೆ ಥರ್ಮಾಸಿನಿಂದ ಬಿಸಿನೀರು ಹೊಯ್ದು, ಪರದೆಯತ್ತ ನೋಡುತ್ತಾರೆ. ಎಲ್ಲವೂ ಹಸಿರು, ಎಲ್ಲವೂ ಪಾಸ್. ಆದರೆ ಅವರ ಕಣ್ಣು ಕೆಳಗೆ, ಎಷ್ಟು ಪರೀಕ್ಷೆ ನಡೆದವೆಂದು ತೋರಿಸುವ ಪುಟ್ಟ ಅಂಕಿಯ ಮೇಲೆ ನೆಟ್ಟಿದೆ: 398. ನಿನ್ನೆ ಅದು 412 ಇತ್ತು.

"ಅನ್ಸೆಲ್ಮೋ, ತಡಿ. ಹದಿನಾಲ್ಕು ಕಾಣಿಸ್ತಿಲ್ಲ."

ತಂಡದ ಮುಖ್ಯಸ್ಥ ಅನ್ಸೆಲ್ಮೋ ಹೊಸ ಆವೃತ್ತಿ ಕಳಿಸಲು ತುದಿಗಾಲಲ್ಲಿ ನಿಂತಿದ್ದಾನೆ. "ಹಸಿರು ಬಂತಲ್ಲ ಮಾರಾಯ್ತಿ, ಇನ್ನೇನು ಬೇಕು ನಿಂಗೆ? ಏಳಕ್ಕೆ ಕ್ಲಿನಿಕ್ ಬಾಗಿಲು ತೆಗೀತಾರೆ."

ಒಳನಾಡಿನ ಮೂವತ್ತೊಂದು ಕ್ಲಿನಿಕ್‌ಗಳಲ್ಲಿ ದಾದಿಯರು ಮಗುವಿನ ತೂಕ ಒತ್ತಿದರೆ, ಎಷ್ಟು ಔಷಧ ಕೊಡಬೇಕೆಂದು ಈ ತಂಡದ ಪ್ರೋಗ್ರಾಮ್ ಹೇಳುತ್ತದೆ. ಇಂದಿನಿಂದ ಅಲ್ಲಿ ಎರಡು ಪಟ್ಟು ಗಟ್ಟಿಯಾದ ಜ್ವರದ ಸಿರಪ್ಪು. ಲೆಕ್ಕ ತಪ್ಪಿದರೆ ಮಗುವಿನ ಹೊಟ್ಟೆಗೆ ಹೋಗುವುದೂ ಎರಡು ಪಟ್ಟು.

ಐವತ್ತನಾಲ್ಕರ ನಿಬಿಯಾ ಹನ್ನೊಂದು ವರ್ಷ ಕ್ಲಿನಿಕ್ ಒಂದರ ಔಷಧ ಕಿಟಕಿಯಲ್ಲಿ ಕೂತವರು. ಇಲ್ಲಿಗೆ ಬಂದ ಮೇಲೆ ಪ್ರತಿ ಲೆಕ್ಕವನ್ನೂ ಕೈಯಿಂದಲೇ ಒತ್ತಿ ನೋಡುತ್ತಿದ್ದರು. ಒಂದು ಸುತ್ತಿಗೆ ಎರಡು ದಿನ. ಮಣಿಕಟ್ಟು ಊದಿ, ಪಟ್ಟಿ ಕಟ್ಟಿಕೊಂಡೂ ದುಡಿದಿದ್ದಾರೆ. ಕೊನೆಗೆ ಆ ಲೆಕ್ಕಗಳನ್ನೆಲ್ಲ ಜಾವಾಸ್ಕ್ರಿಪ್ಟ್ ಪರೀಕ್ಷೆಗಳಾಗಿ ಬರೆದು, ಪ್ರೋಗ್ರಾಮ್ ಕಟ್ಟುವ ಬಿಲ್ಡ್ ಟೂಲ್‌ಗೆ ಅವನ್ನು ಓಡಿಸುವ ಪುಟ್ಟ ಜೋಡಣೆ, ಒಂದು ಪ್ಲಗಿನ್, ಸೇರಿಸಿದರು. ಈಗ ಪ್ರತಿ ಸಲ ಕಟ್ಟುವಾಗಲೂ ಪರೀಕ್ಷೆ ತಾನಾಗೇ ನಡೆಯುತ್ತದೆ, ನಲವತ್ತು ಸೆಕೆಂಡಿನಲ್ಲಿ.

"ಪ್ಲಗಿನ್ ಬಂತು, ಇನ್ನು ನೀನು ಮನೆಗೆ ಹೋಗು ಅಂತ ಎಲ್ಲರೂ ರೇಗಿಸೋರು," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ. "ಅದು ಫೇಲಾಗಿದ್ದನ್ನ ಹೇಳುತ್ತೆ. ಪರೀಕ್ಷೆಗೇ ಬರದೇ ಇದ್ದಿದ್ದನ್ನ ಹೇಳಲ್ಲ. ಅದಕ್ಕೇ ನಾನು ಎಣಿಸೋದು."

ಆರೂ ಹತ್ತು. ಕಳೆದುಹೋದವು ಸಿಗುತ್ತವೆ. ಕಡತಗಳನ್ನು ಓರಣಗೊಳಿಸುವಾಗ ಯಾರೋ ಔಷಧ ಪ್ರಮಾಣದ ಹದಿನಾಲ್ಕು ಪರೀಕ್ಷೆಗಳನ್ನು ಬೇರೆ ಫೋಲ್ಡರಿಗೆ ಸರಿಸಿದ್ದಾರೆ. ಪ್ಲಗಿನ್ ಮಾತ್ರ ಹಳೆಯ ಫೋಲ್ಡರನ್ನಷ್ಟೇ ನೋಡಿ, ಸಿಕ್ಕಿದ್ದನ್ನು ಓಡಿಸಿ, ಹಸಿರು ತೋರಿಸಿದೆ.

"ಯಾರೋ ಅಲ್ಲ, ನಾನೇ," ಎನ್ನುತ್ತಾನೆ ಅನ್ಸೆಲ್ಮೋ, ನೆಲ ನೋಡುತ್ತ.

"ಆಮೇಲೆ ಬೈತೀನಿ. ಈಗ ಓಡಿಸು."

ಹೊಸ ಫೋಲ್ಡರಿನ ಹೆಸರು ಪ್ಲಗಿನ್‌ಗೆ ಕೊಟ್ಟು ಮತ್ತೆ ಕಟ್ಟುತ್ತಾರೆ. ನಲವತ್ತು ಸೆಕೆಂಡು ಕಳೆಯುತ್ತದೆ. 412. ಅದರಲ್ಲಿ ಒಂದು ಕೆಂಪು: ಹತ್ತು ಕಿಲೋ ತೂಕದ ಮಗುವಿಗೆ ಮೂರು ಮಿಲಿ ಬರಬೇಕಾದಲ್ಲಿ ಆರು ಬಂದಿದೆ.

ಪುಟ್ಟ ಮಕ್ಕಳ ಲೆಕ್ಕದಲ್ಲಿ ಹಳೆಯ ಸಿರಪ್ಪಿನ ಅಂಕಿಯೇ ಉಳಿದಿತ್ತು. ಅನ್ಸೆಲ್ಮೋ ತಿದ್ದುತ್ತಾನೆ, ನಿಬಿಯಾ ಅವನ ಹೆಗಲ ಹಿಂದೆ ನಿಂತು ಸಾಲು ಸಾಲೂ ಓದುತ್ತಾರೆ. ಏಳಕ್ಕೆ ನಾಲ್ಕು ನಿಮಿಷವಿರುವಾಗ 412, ಎಲ್ಲವೂ ಹಸಿರು. ಆವೃತ್ತಿ ಹೊರಡುತ್ತದೆ. ಅನ್ಸೆಲ್ಮೋ ತಾನೇ ಮಾಟೆ ತುಂಬಿ ಅವರ ಕೈಗಿಡುತ್ತಾನೆ.

ಒಂದು ಗುಟುಕು ಹೀರಿ ನಿಬಿಯಾ ಮತ್ತೆ ಕೀಲಿಮಣೆಗೆ ಬಾಗುತ್ತಾರೆ. ಸಂಖ್ಯೆ ಒಂದು ಕಡಿಮೆಯಾದರೂ ಬಿಲ್ಡ್ ನಿಲ್ಲಬೇಕು, ಅಂಥದೊಂದು ಸಾಲು ಸೇರಿಸುತ್ತಿದ್ದಾರೆ. ಇದಾದ ಮೇಲೆ ನಿಮ್ಮನ್ನು ಯಾರು ಕೇಳುತ್ತಾರೆ ಎಂದು ನಾನು ಅಂದರೆ ನಗುತ್ತಾರೆ.

"ಕೇಳದಿದ್ರೆ ಒಳ್ಳೇದು. ಒಂದಿನ ಏಳು ಗಂಟೆವರೆಗೆ ಮಲಗಬೇಕು ಅಂತಿದೆ. ನಾನು ಮಲಗಿದ್ದಾಗ್ಲೂ ಎಣಿಸೋರು ಒಬ್ಬರು ಇರಬೇಕಲ್ಲ."